ಔರಾದಿನಲ್ಲಿ ಎಲ್ಲರೂ ಎದ್ದು ನಿಂತ ಹಾಡು

ಬೀದರಿನ ನಮ್ಮ ಚರ್ಚಿನ ಹಾಡುವ ತಂಡದಲ್ಲಿ ಐದು ಜನ. ನಾನು ಮಿಷನ್ ಆಸ್ಪತ್ರೆಯ ನರ್ಸ್. ತಂಡ ಕಟ್ಟಿದವರು ಮಿಷನ್ ಶಾಲೆಯ ಮಾಸ್ತರರು. ಬೆಳಿಗ್ಗೆ ಐದಕ್ಕೆ ತಾಲೀಮು, ಆರಕ್ಕೆ ಮುಕ್ತಾಯ. ತಡವಾಗಿ ಬಂದವರು ಆ ದಿನ ಹಾಡುವಂತಿಲ್ಲ, ಕೇಳಬೇಕು. ನನಗೆ ಈ ಶಿಸ್ತು ಬಹಳ ಹಿಡಿಸಿತ್ತು.

ಚರ್ಚಿನ ಹೊರಗೆ ಎಲ್ಲಿ ಹಾಡಿದರೂ ಮೊದಲು ನಿಜಾಮರಿಗೆ ಸಲಾಮಿ ಹಾಡು, ಆಮೇಲೆ ಯೇಸುವಿನ ಹಾಡು. ಮಾಸ್ತರರು ಒಂದು ಸ್ವರ ಗುನುಗಿದರೆ ಸಾಕು, ನಮ್ಮ ಬಾಯಿ ತಾನಾಗಿಯೇ ತೆರೆಯುತ್ತಿತ್ತು.

ಭಾರತದ ಫೌಜು ಬಂದು, ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಹೋಯಿತು. ಜನ ದನಿ ತಗ್ಗಿಸಿ ಮಾತಾಡುವ ದಿನಗಳು. ನಾವು ಊರೂರು ತಿರುಗುವುದು ಪಾದ್ರಿ ಸಾಹೇಬರಿಗೆ ಬೇಡವಾಗಿತ್ತು.

"ಭಾಲ್ಕಿ, ಔರಾದ ಎರಡೇ ಊರು ಹೋಗಿ ಬರ್ರಿ. ಒಂದು ದೂರು ಬಂತಂದ್ರ ತಂಡ ಬಂದ್!" ಎಂದರು.

ಭಾಲ್ಕಿಯಲ್ಲಿ ಚರ್ಚಿನೊಳಗೇ ಹಾಡಿದೆವು, ಸುಸೂತ್ರ. ಔರಾದಿನಲ್ಲಿ ಶಾಲೆಯ ಬಯಲು. ಮುಂದಿನ ಕುರ್ಚಿಯಲ್ಲಿ ಪುಣೆ ಕಡೆಯ ಒಬ್ಬ ಫೌಜಿನ ಸಾಹೇಬರು. ಮಾಸ್ತರರು ಸ್ವರ ಕೊಟ್ಟರು. ನಾವು ಶುರು ಮಾಡಿದೆವು. ಹಾಡಿನ ಎರಡನೆಯ ಸಾಲಿಗೆ ಪಕ್ಕದಲ್ಲಿ ಹಾಡುತ್ತಿದ್ದ ತಂಡದ ಅಕ್ಕ ನನ್ನನ್ನು ಚಿವುಟಿದಳು.

"ಅಯ್ಯ, ಸಲಾಮಿ ಹಾಡ್ಲಿಕತ್ತೇವಲ್ಲೇ!"

"ನಿಲ್ಲಿಸಿದ್ರ ಗೊತ್ತಾಗ್ತದ. ಹಾಡಕ್ಕಾ!"

ನಾಲ್ಕು ಬಗೆಯ ಧ್ವನಿ ಕಲೆತರೆ ನಮ್ಮ ಶಬ್ದಗಳು ಯಾರಿಗೂ ತಿಳಿಯುತ್ತಿರಲಿಲ್ಲ, ಅದೊಂದೇ ಧೈರ್ಯ. ಆದರೆ ಊರವರಿಗೆ ಧಾಟಿ ಗೊತ್ತಿತ್ತಲ್ಲ! ಹಳೆಯ ರೂಢಿಯಂತೆ ಎಲ್ಲರೂ ಎದ್ದು ಕೈ ಕಟ್ಟಿ ನಿಂತರು. ಅವರನ್ನು ನೋಡಿ ಫೌಜಿನ ಸಾಹೇಬರೂ ಎದ್ದು ನೆಟ್ಟಗೆ ನಿಂತರು.

ಹಾಡು ಮುಗಿಯಿತು. ಸಾಹೇಬರು ಹಿಂದೂಸ್ತಾನಿಯಲ್ಲಿ, "ಇಷ್ಟು ಮರ್ಯಾದೆ ಯಾವ ದೇವರಿಗೆ?" ಎಂದು ಕೇಳಿದರು.

ಮಾಸ್ತರರಿಗೆ ಸುಳ್ಳು ಬರುತ್ತಿರಲಿಲ್ಲ. "ದೇವರಿಗಲ್ಲ ಸಾಹೇಬರ, ಹಳೇ ಸರಕಾರಕ್ಕ. ವರ್ಷಾನುಗಟ್ಟಲೆ ರೂಢಿ, ಬಾಯಿ ತಪ್ಪಿತು," ಎಂದು ಅದೇ ಭಾಷೆಯಲ್ಲಿ ಒಪ್ಪಿಕೊಂಡರು.

ಸಾಹೇಬರು ತಮ್ಮ ಕಾಲುಗಳನ್ನು ನೋಡಿಕೊಂಡು ನಕ್ಕುಬಿಟ್ಟರು.

"ನಿಮ್ಮ ಬಾಯಿ ತಪ್ಪಿದ್ದಕ್ಕೆ ನನ್ನ ಕಾಲೂ ತಪ್ಪಿತು. ಇನ್ನು ಕೂತು ಕೇಳುವ ಹಾಡು ಹೇಳಿ."

ಬೀದರಿಗೆ ಬಂದವರೇ ಮಾಸ್ತರರು ನೆಟ್ಟಗೆ ಪಾದ್ರಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದರು. ನಾವು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು.

"ದೂರು ಕೊಟ್ಟವರು ಯಾರು?" ಎಂದು ಪಾದ್ರಿ ಸಾಹೇಬರು ಕೇಳಿದರು.

"ಯಾರೂ ಇಲ್ಲರಿ. ನಾನೇ ಹೇಳ್ಲಿಕತ್ತೇನಿ."

"ತಂಡದವರ ದೂರು ನಾ ತೊಗೊಳ್ಳಂಗಿಲ್ಲ. ಮುಂದಿನ ವಾರ ಮನ್ನಳ್ಳಿಗೆ ಹೋಗ್ರಿ."

ಮನ್ನಳ್ಳಿಯಲ್ಲಿ ಮಾಸ್ತರರು ಸ್ವರ ಕೊಡುವ ಮೊದಲು ಯಾವ ಹಾಡೆಂದು ನಮ್ಮ ಕಿವಿಯಲ್ಲಿ ಒಬ್ಬೊಬ್ಬರಿಗೂ ಹೇಳಿದರು. ಆಮೇಲೆ ತಂಡ ಹಾಡಿದ ಮೂವತ್ತು ವರ್ಷವೂ ಹಾಗೆಯೇ ಹೇಳುತ್ತಿದ್ದರು.