ಹೊಸ್ತಿಲ ಪಕ್ಕದ ದಾರಿ

ಮೇಲಿನ ಮನೆಯವರು ಅಡುಗೆಮನೆಯ ಗೋಡೆ ಒಡೆಸಿದರು. ಹಾಲ್‌ಗೂ ಒಲೆಗೂ ನಡುವೆ ಏನೂ ಇರಬಾರದಂತೆ, ಈಗ ಅದೇ ಚಂದವಂತೆ. ಬೆಳಿಗ್ಗೆ ಅರಚಲು ಶುರುಮಾಡಿದ ಮಷೀನು ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಸಿತು. ನನ್ನ ಕಾಫಿಯಲ್ಲಿ ಕೆನೆಯ ಬದಲು ಸಿಮೆಂಟಿನ ಪುಡಿ. ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟುಗಳ ಗೋಡೆಗೆ ಅಷ್ಟೇ ಆಯುಸ್ಸು, ಬಿಡಿ. ಗೋಡೆ ಒಡೆಯುವುದೆಂದರೆ ಏನೆಂದು ತಿಳಿಯಲು ನೀವು ತೊಂಬತ್ತರ ದಶಕದ ಆ ಒಂದು ಆಷಾಢದಲ್ಲಿ ಹಲಸೂರಿನ ನಮ್ಮ ಮನೆಗೆ ಬರಬೇಕಿತ್ತು.

ಆ ಮನೆಯ ಮುಂದಿನ ಕೋಣೆ ಒಂದು ಕಾಲಕ್ಕೆ ಬರೀ ಜಗಲಿ. ಆಮೇಲೆ ಅದಕ್ಕೆ ಸುತ್ತ ಗೋಡೆ ಎಬ್ಬಿಸಿ ಹಾಲ್ ಎಂದು ಹೆಸರಿಟ್ಟರು. ಹಾಗಾಗಿ ಹಳೆಯ ತಲೆಬಾಗಿಲು ಹಾಲಿಗೂ ನಡುಮನೆಗೂ ಮಧ್ಯೆ ಸಿಕ್ಕಿಕೊಂಡಿತು. ಸುಣ್ಣದ ಗಾರೆಯ ದಪ್ಪ ಇಟ್ಟಿಗೆ ಗೋಡೆ, ಅದರಲ್ಲಿ ಒಬ್ಬರು ನುಸುಳುವಷ್ಟು ಬಾಗಿಲು. ಅದರ ಒಳಗೆ, ಹೊಲಿಗೆ ಮಷೀನಿನ ಮುಂದೆ, ಕಮಲತ್ತೆ. ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಶುಭಕಾರ್ಯದ ದಿನ ಅವಳು ಆ ಹೊಸ್ತಿಲು ದಾಟುವಂತಿಲ್ಲ ಎಂಬುದು ಮನೆಯ ಕಾನೂನು. ಮಿಕ್ಕ ದಿನ ದಾಟಬಹುದು, ಪೊರಕೆ ಹಿಡಿದು.

ನನ್ನನ್ನು ನೋಡಲು ಶ್ರಾವಣದಲ್ಲಿ ಇಂದಿರಾನಗರದಿಂದ ಗಂಡಿನವರು ಬರುವುದೆಂದು ಗೊತ್ತಾಯಿತು. ಹಲಸೂರಿನಿಂದ ಅಲ್ಲಿಗೆ ಚಪ್ಪಲಿ ಸವೆಯದೆ ನಡೆದು ಹೋಗಬಹುದು. ಆದರೆ ಮನೆಯ ಹಿರಿಯರಾದ ದೊಡ್ಡಪ್ಪನ ಕಣ್ಣಲ್ಲಿ ಅದು ಹೊರದೇಶ. ಅಲ್ಲಿನ ಹಾಲುಗಳು ಮೈದಾನದ ಹಾಗಿರುತ್ತವೆ, ನಮ್ಮದನ್ನು ನೋಡಿದರೆ ಗಂಡಿನವರು ಕಾಫಿಯನ್ನೂ ಕುಡಿಯದೆ ಎದ್ದುಹೋಗುತ್ತಾರೆ ಎಂದು ಕೊರಗಿದರು. ಬಾಗಿಲಿನ ಆಚೀಚೆ ಗೋಡೆ ಒಡೆದು ಹಾಲು, ನಡುಮನೆ ಎರಡನ್ನೂ ಒಂದು ಮಾಡುವುದೆಂದು ತೀರ್ಮಾನಿಸಿದರು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಗೋಡೆಯದ್ದನ್ನೂ ಕೇಳಲಿಲ್ಲ.

ಗೋಡೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ದುರೈ ಮೇಸ್ತ್ರಿ ಶಿವಾಜಿನಗರದ ಗುಜರಿಯಿಂದ ಎರಡು ಕಬ್ಬಿಣದ ತೊಲೆ ತಂದ. ಬಾಗಿಲಿನ ಮೇಲೆ ಗೋಡೆಯ ಅರ್ಧ ದಪ್ಪ ಕೊರೆದು ಒಂದನ್ನು ತೂರಿಸಿದ, ಅದು ಭದ್ರವಾದ ಮೇಲೆ ಇನ್ನೊಂದು ಬದಿಯಿಂದ ಮತ್ತೊಂದನ್ನು. ಆಮೇಲೆ ಕೆಳಗಿನ ಇಟ್ಟಿಗೆಗೆ ಉಳಿ ಇಟ್ಟ. ನಾವು ದಿನಗಟ್ಟಲೆ ಸುಣ್ಣದ ಪುಡಿಯಲ್ಲೇ ಅನ್ನ ಕಲಸಿಕೊಂಡೆವು. ಕೊನೆಗೆ ಬಾಗಿಲ ಚೌಕಟ್ಟು ಕೀಳಲು ಹೋದಾಗ ದೊಡ್ಡಪ್ಪ ಅಡ್ಡ ನಿಂತರು. ಅದು ತಮ್ಮಪ್ಪ ನವರತ್ನ ಹಾಕಿ ನಿಲ್ಲಿಸಿದ ಹೊಸ್ತಿಲು, ಆಷಾಢದಲ್ಲಿ ಅದನ್ನು ಮುಟ್ಟಿದರೆ ಮನೆಗೇ ಕೇಡು ಎಂದರು. ಗೋಡೆ ಒಡೆಯಲು ಅಡ್ಡಿಯಿಲ್ಲದ ಆಷಾಢ ಬಾಗಿಲಿಗೆ ಮಾತ್ರ ಯಾಕೆ ಅಡ್ಡಿ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ದುರೈ ತಲೆ ಕೆರೆದುಕೊಂಡು, "ಗೋಡೆ ಇಲ್ದೆ ಬಾಗ್ಲು ಏನ್ ಮಾಡ್ತದೆ ಸಾರ್?" ಎಂದ.

"ನಿಂತಿರ್ತದೆ," ಎಂದರು ದೊಡ್ಡಪ್ಪ.

ನಿಂತಿತ್ತು. ಎರಡೂ ಕಡೆ ಜನ ಓಡಾಡುವಷ್ಟು ಬಯಲು, ನಟ್ಟನಡುವೆ ಚೌಕಟ್ಟು, ಮೇಲೆ ಮಾವಿನ ತೋರಣ, ಕೆಳಗೆ ಅರಿಶಿನ ಬಳಿದ ಹೊಸ್ತಿಲು. ನಾವು ಅಭ್ಯಾಸಬಲದಿಂದ ಅದರೊಳಗೇ ತಲೆ ತಗ್ಗಿಸಿ ಹೋಗುತ್ತಿದ್ದೆವು. ಪಕ್ಕದಲ್ಲಿ ಆನೆ ಹೋಗುವಷ್ಟು ಜಾಗವಿದ್ದರೂ ನಾನು ಕಾಫಿ ಲೋಟ ಹಿಡಿದು ಆ ಕಿಂಡಿಯಲ್ಲೇ ತೂರುತ್ತಿದ್ದೆ.

ಗಂಡಿನವರು ಬಂದ ದಿನ ಕಮಲತ್ತೆಗೆ ಮಾಮೂಲಿ ಆಜ್ಞೆಯಾಯಿತು: ಹೊಸ್ತಿಲು ದಾಟಬೇಡ. ತಾನೇ ಹೊಲಿದ ರವಿಕೆಯನ್ನು ನನಗೆ ತೊಡಿಸಿ, ಅವಳು ಅಡುಗೆಮನೆಗೆ ಹೋದಳು. ನನ್ನನ್ನು ಸಾಕಿದವಳು ನನ್ನ ಗಂಡನಾಗುವವನ ಮುಖ ನೋಡುವಂತಿಲ್ಲ. ನಾನು ಗಂಡಿನವರ ಎದುರು ಗೊಂಬೆಯ ಹಾಗೆ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಕಮಲತ್ತೆ ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ನಡುಮನೆಗೆ ಬಂದಳು. ಚೌಕಟ್ಟಿನವರೆಗೂ ಬಂದು, ಹೊಸ್ತಿಲನ್ನು ಭಕ್ತಿಯಿಂದ ನೋಡಿ, ಎಡಕ್ಕೆ ತಿರುಗಿ ಒಡೆದ ಗೋಡೆಯ ಜಾಗದಿಂದ ನೇರ ಹಾಲಿಗೆ ಬಂದುಬಿಟ್ಟಳು. ದೊಡ್ಡಪ್ಪನ ಮುಖ ಬಿಳುಚಿತು.

"ಕಮಲಾ," ಎಂದರು ಹಲ್ಲು ಕಚ್ಚಿ.

"ಹೊಸ್ತಿಲು ದಾಟಿಲ್ಲಣ್ಣ," ಎಂದಳು ಅತ್ತೆ. "ಪಕ್ಕದಲ್ಲಿ ಬಂದೆ."

ಹುಡುಗ ಚೌಕಟ್ಟನ್ನು ನೋಡಿದ, ಅತ್ತೆಯನ್ನು ನೋಡಿದ, ಪಕಪಕ ನಕ್ಕುಬಿಟ್ಟ. ಎದ್ದು ಅವಳ ಕೈಯಿಂದ ತಟ್ಟೆ ಇಸಿದುಕೊಂಡ. ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟೆ.

ಆ ಹುಡುಗ, ನನ್ನ ಯಜಮಾನರು, ತೀರಿಹೋಗಿ ಎರಡು ವರ್ಷವಾಯಿತು. ಅಂದು ಕಮಲ ಎದುರಿಗೆ ಬಂದಿದ್ದಕ್ಕೇ ಹೀಗಾಯಿತೆಂದು ದೊಡ್ಡಪ್ಪ ಈಗಲೂ ಹೇಳುತ್ತಾರಂತೆ. ಮಕ್ಕಳು ದೊಡ್ಡವರಾಗಿ, ನಮ್ಮ ತಲೆ ನೆರೆಯುವವರೆಗೂ ಕಾದು ಬರುವಷ್ಟು ಸಾವಧಾನದ ಅಪಶಕುನ ನಮ್ಮತ್ತೆಯದು.

ಗೋಡೆ ಒಡೆಯುವ ಮಷೀನಿನ ಸದ್ದು ನಿಂತ ಮೇಲೆ ಮೇಲಿನ ಮನೆಯ ಹುಡುಗಿ ಕೆಳಗೆ ಬಂದಳು. ಧೂಳಿಗೆ ಕ್ಷಮೆ ಕೇಳಿ, ಶುಕ್ರವಾರ ಪೂಜೆ ಇಟ್ಟುಕೊಂಡಿದ್ದೇವೆ ಎಂದಳು. ಮೊದಲೆಲ್ಲ ಅರಿಶಿನ ಕುಂಕುಮಕ್ಕೆ ನನ್ನನ್ನು ಬೆಳಗಾಗುತ್ತಲೇ ಎಳೆದುಕೊಂಡು ಹೋಗುತ್ತಿದ್ದವಳು ಇವಳೇ. ಈಗ ನನ್ನ ಹಣೆ ನೋಡಿ, ನೆಲ ನೋಡಿ, "ಪೂಜೆ ಬೆಳಿಗ್ಗೆ ಇದೆ ಆಂಟಿ. ನೀವು ಆರಾಮಾಗಿ ಊಟದ ಹೊತ್ತಿಗೆ ಬನ್ನಿ," ಎಂದಳು.

ಈ ಎರಡು ವರ್ಷ ಎಲ್ಲರ ಮನೆಗೂ ನಾನು ಊಟದ ಹೊತ್ತಿಗೇ ಹೋಗಿದ್ದೇನೆ, ಅದೂ ಯಾರೂ ಹೇಳದೆಯೇ.

"ಗೋಡೆ ಎಷ್ಟಗಲ ಒಡೆಸಿದ್ದೀಯಮ್ಮ?" ಎಂದು ಕೇಳಿದೆ.

"ಪೂರ್ತಿ ತೆಗೆಸಿಬಿಟ್ವಿ ಆಂಟಿ."

"ಹಾಗಾದ್ರೆ ಜಾಗ ಇದೆ," ಎಂದೆ. "ಪೂಜೆಗೇ ಬರ್ತೀನಿ."