ಬಂಗಲೆಯ ದೊರೆ ಕೇಳಿದ ಪ್ರಶ್ನೆ

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎನ್ನಲೂ ಆಗದು. ನಡೆದದ್ದನ್ನು ಹೇಳುತ್ತೇನೆ, ನೀವೇ ಯೋಚಿಸಿ.

ಕೆಲವು ವರ್ಷಗಳ ಹಿಂದೆ, ಮಾವಿನ ಕಾಲದಲ್ಲಿ, ಗೆಳೆಯ ನಾಗರಾಜನ ಊರಿಗೆ ಹೋಗಿದ್ದೆ. ರಾಯಲ್ಪಾಡಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಅವನ ಮಾವಿನ ತೋಪಿನೊಳಗೆ ಬ್ರಿಟಿಷರ ಕಾಲದ ಪಾಳು ಬಂಗಲೆಯೊಂದಿತ್ತು. ಅಲ್ಲಿದ್ದ ಇಂಗ್ಲಿಷ್ ದೊರೆಯ ಕಥೆಯನ್ನು ನಾಗರಾಜ ದಾರಿಯಲ್ಲೇ ಹೇಳಿದ್ದ. ಯುದ್ಧದಲ್ಲಿ ಪದಕ ಗೆದ್ದು, ಆಮೇಲೆ ಪೊಲೀಸ್ ಅಧಿಕಾರಿಯಾಗಿ ಬಂದವನಂತೆ. ಗುಡ್ಡದಲ್ಲಿ ಅಡಗಿದ್ದ ಓಬಳನೆಂಬ ದರೋಡೆಕೋರನಿಗೆ, ಶರಣಾದರೆ ನಿನ್ನ ಪ್ರಾಣಕ್ಕೆ ನಾನು ಹೊಣೆ ಎಂದು ಮಾತು ಕೊಟ್ಟ. ನಂಬಿ ಇಳಿದು ಬಂದವನನ್ನು ಸರ್ಕಾರ ಕೈ ಕಟ್ಟಿ ಗಲ್ಲಿಗೇರಿಸಿತು. ದೊರೆಗೆ ಅದಕ್ಕೂ ಒಂದು ಪದಕ ಸಿಕ್ಕಿತು. ಅವನು ಕೆಲಸ ಬಿಟ್ಟು, ಸಾಯುವವರೆಗೂ ಆ ಬಂಗಲೆಯಲ್ಲೇ ಉಳಿದ.

ಮುಸ್ಸಂಜೆ ನಾಗರಾಜ ಟೆಂಪೋಗೆ ಕಾಯಿ ತುಂಬಿಸಲು ಹೋದ. ನಾನು ಬಂಗಲೆಯ ಜಗಲಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದೆ. ಯಾರೋ ಬಂದು ಪಕ್ಕದಲ್ಲಿ ಕೂತರು. ನಾಗರಾಜನೇ ಎಂದುಕೊಂಡು ತಲೆ ಎತ್ತಲಿಲ್ಲ. ಆಗ ಒಳಗಿನಿಂದ ಒಡಕು ದನಿಯೊಂದು ಕೇಳಿತು.

"ವಾಡು ವಚ್ಚಿನಾಡಾ?"

ಅವನು ಬಂದನಾ ಎಂದು, ತೆಲುಗಿನಲ್ಲಿ. ಯಾರೋ ಕೂಲಿಯವನು ನಾಗರಾಜನನ್ನು ಕೇಳುತ್ತಿದ್ದಾನೆಂದು ಭಾವಿಸಿ, "ವಚ್ಚಿನಾಡು, ಇಕ್ಕಡೇ ಉನ್ನಾಡು" ಎಂದೆ. ಬಂದ, ಇಲ್ಲೇ ಇದ್ದಾನೆ.

ಒಳಗೆ ಕುರ್ಚಿ ಸರಿದ ಸದ್ದು. ಬೂಟಿನ ಹೆಜ್ಜೆಗಳು ಹೊಸ್ತಿಲವರೆಗೆ ಬಂದು ನಿಂತವು. ನನ್ನ ಪಕ್ಕದಲ್ಲಿದ್ದವನು ಎದ್ದು ಒಳಗೆ ಹೋದ. ಅದೇ ಹೊತ್ತಿಗೆ, ದೂರದಲ್ಲಿ ಟೆಂಪೋ ಹತ್ತಿರ ನಾಗರಾಜ ಯಾರನ್ನೋ ಗದರಿಸುವುದು ಕೇಳಿಸಿತು. ಹಾಗಾದರೆ ಪಕ್ಕದಲ್ಲಿ ಕೂತಿದ್ದವನು ಯಾರು? ಧೈರ್ಯ ಮಾಡಿ ಒಳಗೆ ಇಣುಕಿದೆ. ಕುಸಿದ ಚಾವಣಿ, ಎಕ್ಕದ ಗಿಡ, ಆಡಿನ ಹಿಕ್ಕೆ. ಕುರ್ಚಿ ಇರಲಿಲ್ಲ. ಮನುಷ್ಯರೂ ಇರಲಿಲ್ಲ.

ಮನೆಗೆ ಹೋಗಿ ಹೇಳಿದಾಗ ನಾಗರಾಜ ನಕ್ಕ. ಅವನ ತಾಯಿ ನಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ದೊರೆ ಕೊನೆಯವರೆಗೂ ಸಂಜೆಯಾದರೆ ಓಬಳನ ದಾರಿ ಕಾಯುತ್ತ ಆಳುಗಳನ್ನು ಇದನ್ನೇ ಕೇಳುತ್ತಿದ್ದನೆಂದರು.

"ಆ ದನಿ ಕೇಳಿದ್ರೆ ನಮ್ಮೋರೆಲ್ಲ 'ಇಂಕಾ ರಾಲೇದು ದೊರಾ' ಅಂತಾರೆ. ಇನ್ನೂ ಬಂದಿಲ್ಲ ಅಂತ. ನೀವು ಬಂದವ್ನೆ ಅಂದ್ಬಿಟ್ರಾ?"

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಮೆಲ್ಲಗೆ ಕೇಳಿದರು:

"ಒಳಗೆ ಹೋದೋನ ಕೈ ನೋಡಿದ್ರಾ? ಕಟ್ಟಿತ್ತಾ, ಬಿಚ್ಚಿತ್ತಾ? ಕಟ್ಟಿದ್ರೆ ಲೆಕ್ಕ ಕೇಳೋಕೆ ಬಂದವ್ನೆ, ಬಿಚ್ಚಿದ್ರೆ ಕ್ಷಮಿಸಿ ಬಂದವ್ನೆ."

ನಾನು ನೋಡಿರಲಿಲ್ಲ. ಅಂದಿನಿಂದ ಆ ತೋಪಿನಲ್ಲಿ ಯಾರಿಗೂ ಆ ದನಿ ಕೇಳಿಸಿಲ್ಲವಂತೆ. ಒಳ್ಳೆಯದೇ ಆಯಿತೆಂದು ನಾಗರಾಜ ಹೇಳುತ್ತಾನೆ. ಅವನ ತಾಯಿ ಮಾತ್ರ ಇವತ್ತಿಗೂ ಹಾಗೆ ಹೇಳಿಲ್ಲ.