ಮಾಸು ಎಲ್ಲಿ ಹೂತಿರಿ?

ನಮ್ಮ ಅವ್ವನಿಗೆ ತಮಿಳು ಬರುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಮಾತು ಕನ್ನಡವಾದರೂ ತಮಿಳುನಾಡಿನ ಕೊಳತ್ತೂರು ಸಂತೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿ ಕುರಿ ವ್ಯಾಪಾರಿಗಳ ಬಾಯಿ ಮುಚ್ಚಿಸುವವಳು ಅವಳು. ಬಾರದ್ದು ಕಚೇರಿಯ ತಮಿಳು ಮಾತ್ರ.

ಊರಾಚೆಯ ಬಣ್ಣದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಅದರ ಗೋಡೆ ಪಕ್ಕದ ಹಳ್ಳದ ನೀರು ಕುಡಿದು ನಮ್ಮ ಕುರಿಗಳು ಸತ್ತದ್ದನ್ನು ಅವ್ವ ಮರೆತಿರಲಿಲ್ಲ. ಹೋದ ಬೇಸಿಗೆ ಅಲ್ಲಿ ‘ಪಸುಮೈ ಪೂಂಗಾ’ ಎಂದು ಬೋರ್ಡು ಬಿತ್ತು, ಹಸಿರು ಉದ್ಯಾನವಂತೆ. ಕೆಮ್ಮಣ್ಣು ಹರಡಿ ಹುಲ್ಲು ಬೆಳೆಸಿದ್ದರು. ಉದ್ಘಾಟನೆಯ ದಿನ ನಮ್ಮ ಮಂದೆ ಅಲ್ಲಿ ಮೇಯಬೇಕು, ಫೋಟೋ ತೆಗೆಯುತ್ತಾರೆ, ಆಮೇಲೆ ಬೇಸಿಗೆಯಿಡೀ ಮೇಯಿಸಿಕೊಳ್ಳಿ ಎಂದು ಆ ಜಾಗ ಶುದ್ಧ ಮಾಡಿಸಿದ ಎಂಜಿನಿಯರು ನನಗೆ ಹೇಳಿದರು. ಹತ್ತಿರದಲ್ಲೆಲ್ಲೂ ಒಂದೆಳೆ ಹುಲ್ಲಿರಲಿಲ್ಲ. ಅವ್ವನನ್ನು ಕೇಳದೆ ನಾನೇ ಆಗಲಿ ಅಂದುಬಿಟ್ಟೆ. ಕಾಲೇಜು ಮೆಟ್ಟಿಲು ಹತ್ತಿದ ಜಂಬ, ಮತ್ತೇನು!

ಆ ದಿನ ಮಂದೆಯನ್ನು ಗೇಟಿನವರೆಗೆ ಹೊಡೆದುಕೊಂಡು ಹೋದೆವು. ಎಂಜಿನಿಯರು ಕೈಮುಗಿದು, “ಮಾಸು ಎಲ್ಲಾಂ ಪೋಯಿಡುಚ್ಚು ಅಮ್ಮಾ” ಎಂದರು. ಮಾಲಿನ್ಯವೆಲ್ಲ ಹೋಯಿತು ಅಂತ. ಆದರೆ ನಮ್ಮ ಕನ್ನಡದಲ್ಲಿ ಮಾಸು ಅಂದರೆ ಕುರಿ ಈದ ಮೇಲೆ ಬೀಳುವ ಕಸ. ಅದರ ಚೂರು ಒಳಗುಳಿದರೂ ಕುರಿ ಬದುಕುವುದಿಲ್ಲ. ಪೂರ್ತಿ ಬಿತ್ತೇ ಎಂದು ನೋಡಿ, ಮಂದೆಯಿಂದ ದೂರ ಒಯ್ದು ಹೂಳುತ್ತೇವೆ.

“ಪೂರ್ತಿ ಬಿತ್ತಾ? ಕಣ್ಣಾರೆ ನೋಡಿದ್ರಾ? ಎಲ್ಲಿ ಊತ್ರಿ?” ಎಂದಳು ಅವ್ವ ಕನ್ನಡದಲ್ಲೇ.

ನನಗೆ ನಗು ಉಕ್ಕಿತು. ಕೀಟಲೆಗೆ ಅದನ್ನು ಹಾಗೆಯೇ ತಮಿಳಿನಲ್ಲಿ ಹೇಳಿದೆ. ಎಂಜಿನಿಯರು ನಗಲಿಲ್ಲ. ಪೂರ್ತಿ ತೆಗೆಯುವುದಕ್ಕೆ ಆಗಲಿಲ್ಲ, ಉಳಿದದ್ದನ್ನು ಇಲ್ಲೇ ಕೆಳಗೆ ಹೂತು ಮೇಲೆ ಹೊಸ ಮಣ್ಣು ಹಾಕಿದ್ದೇವೆ, ಏನೂ ಆಗುವುದಿಲ್ಲ ಎಂದು ತಡವರಿಸಿದರು. ನನ್ನ ನಗು ಅಲ್ಲೇ ನಿಂತುಹೋಯಿತು.

ಅದನ್ನು ಕೇಳಿದ್ದೇ ಅವ್ವ ಕೋಲು ಎತ್ತಿದಳು. “ಅಯ್ಯೋ ನಿನ್ನ! ಊತಿರೋ ಜಾಗ್ದಾಗೇ ಮೇಯ್ಸು ಅಂತೀಯಲ್ಲಪ್ಪಾ, ಬುದ್ಧಿ ಐತಾ? ನಡಿಯೇ, ಗುಡ್ಡಕ್ ಓಗಾನ.”

ಗುಡ್ಡವೆಂದರೆ ಬೇಸಿಗೆಯಿಡೀ ದಿನಾ ಅರ್ಧ ಹಗಲಿನ ನಡಿಗೆ. ಎಂಜಿನಿಯರು ನನ್ನ ಕಡೆ ತಿರುಗಿದರು. “ಅವರಿಗೆ ಅರ್ಥವಾಗಿಲ್ಲ. ಓದಿದವರು ನೀವು, ಬಿಡಿಸಿ ಹೇಳಿ.”

ಅಬ್ಬಾ, ಆಗ ನನ್ನ ಅವ್ವನ ಬಗ್ಗೆ ಎದೆ ಎಷ್ಟು ಉಬ್ಬಿತು! ಇಷ್ಟು ದಿನ ಎಂಜಿನಿಯರ ಹತ್ತಿರ ಓಡಾಡಿಯೂ ನಾನು ಕೇಳದಿದ್ದ ಪ್ರಶ್ನೆಯನ್ನು ಅವಳು ನಿಂತ ಕಾಲಲ್ಲೇ ಕೇಳಿದ್ದಳು.

“ಅರ್ಥವಾಗದೆ ಇದ್ದದ್ದು ನನಗೆ ಸಾರ್” ಎಂದೆ. ಒಂದು ಮರಿ ಆಗಲೇ ಒಳಗೆ ನುಗ್ಗಿ ಹುಲ್ಲಿಗೆ ಬಾಯಿ ಚಾಚಿತ್ತು. ಅದನ್ನು ಎತ್ತಿಕೊಂಡು ಹೊರಗೆ ಬಂದು, ಗೇಟನ್ನು ನಾನೇ ಎಳೆದು ಮುಚ್ಚಿದೆ.